ಜಂಗಾಲಿ ವಸೂಲಿ

ಹೌಸಾ ನಾಡಿನಲ್ಲಿ ಜಂಗಾಲಿ ಎಂಬ ದನದ ತೆರಿಗೆ ಎತ್ತಲು ಅಮೀರನ ವಸೂಲಿದಾರ ಹೊರಟನೆಂದರೆ ಊರ ದನಗಳೆಲ್ಲ ಕಾಡಿನಲ್ಲಿ ಮಾಯ. ದನಗಾಹಿ ಗಿಡಾಡೊ ಇನ್ನೂ ಜಾಣ. ವಸೂಲಿದಾರನ ಸ್ವಂತ ಹಿಂಡನ್ನು ಯಾರು ಎಣಿಸುತ್ತಾರೆ? ಅದರ ಕಾವಲಿನವನ ಕೈ ಬೆಚ್ಚಗೆ ಮಾಡಿ, ತನ್ನ ದನಗಳನ್ನು ಅದರೊಳಗೇ ಸೇರಿಸಿಬಿಟ್ಟ.

"ಎಲ್ಲಯ್ಯಾ ನಿನ್ನ ದನ?"

"ರೋಗ ಬಂದು ಎಲ್ಲಾ ಹೋದ್ವು, ಧಣಿ. ಒಂದು ಬಾಲಾನೂ ಉಳಿದಿಲ್ಲ."

"ಅಯ್ಯೋ ಪಾಪ! ಖಾಜಿಗಳ ಮುಂದೆ ಆಣೆ ಇಡ್ತೀಯಾ?"

"ಓಹೋ, ಈಗಲೇ!"

ಊರೆಲ್ಲ ಕೇಳುವಂತೆ ಗಿಡಾಡೊ ಆಣೆ ಇಟ್ಟ.

ವಸೂಲಿದಾರ ಕಣ್ಣೊರೆಸಿಕೊಂಡ. "ತೆರಿಗೆ ಮಾಫಿ, ಹೋಗು. ಆದ್ರೆ ಹೊಟ್ಟೆಪಾಡಿಗೇನು ಮಾಡ್ತೀಯೋ? ದೇವರ ದಯೆ, ನನ್ನ ಹಿಂಡು ಇದ್ದಕ್ಕಿದ್ದಂತೆ ದುಪ್ಪಟ್ಟಾಗಿದೆ. ಮೇಯಿಸೋಕೆ ಬರ್ತೀಯಾ?"