ಸುಕ್ಕಿಲ್ಲದ ಮೆಣಸಿನಕಾಯಿ

ಎನಾಮಲ್ ಬಣ್ಣದ ವಾಸನೆ ಬಂದರೆ ಇಂದಿಗೂ ನನಗೆ ಬ್ಯಾಡಗಿಯ ಆ ಮಧ್ಯಾಹ್ನದ ಸಿಟ್ಟು ನೆತ್ತಿಗೇರುತ್ತದೆ.

ಊರಿನ ಕೇಬಲ್ ಚಾನೆಲ್ಲಿನ ಗುರುತಿನ ಚಿತ್ರಕ್ಕಾಗಿ, ಬೋರ್ಡು ಬರೆಯುವ ನಮ್ಮ ಅಬ್ಬಾ ಅರವತ್ತು ರಟ್ಟುಗಳ ಮೇಲೆ ಒಂದೇ ಮೆಣಸಿನಕಾಯಿಯನ್ನು ಚೂರುಚೂರೇ ಬದಲಿಸುತ್ತ ಬರೆದಿದ್ದರು. ಒಂದರ ಹಿಂದೊಂದು ಕ್ಯಾಮೆರಾದಲ್ಲಿ ಶೂಟ್ ಮಾಡಿದರೆ ಅದು ಒಣಗಿ, ಸುಕ್ಕುಗಟ್ಟಿ, ಸುರುಳಿಯಾಗಿ ಚಾನೆಲ್ಲಿನ ಹೆಸರಿನ ಮೊದಲ ಅಕ್ಷರವಾಗುತ್ತಿತ್ತು. ಟಿವಿಯಲ್ಲಿ ನೋಡಿದರೆ ಒಂದೂ ಸುಕ್ಕಿಲ್ಲ! ಅರವತ್ತು ರಟ್ಟಿಗೂ ಚಾನೆಲ್ಲಿನ ಮಾಲೀಕರು ಬೇರೆಯವರಿಂದ ಸುಕ್ಕು ಮುಚ್ಚುವಂತೆ ಕೆಂಪು ಎನಾಮಲ್ ಬಳಿಸಿದ್ದರು.

“ಟಿವ್ಯಾಗ ಎಲ್ಲಾ ಹೊಸಾದು ಕಾಣಬೇಕಲ್ರಿ,” ಎಂದು ಪೇಡೆ ಹಿಡಿದು ಬಂದಿದ್ದ ಮಾಲೀಕರು ನಕ್ಕರು.

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಮ್ಮಿ ಮೊರ ಕುಕ್ಕಿದರು. “ಸುಕ್ಕಿಲ್ಲದ್ದು ಬ್ಯಾಡಗಿ ಕಾಯಿ ಹೆಂಗ ಆಕ್ಕೈತ್ರಿ?”

ಅಬ್ಬಾ ಕತ್ತರಿ ತಂದು ಕೇಬಲ್ ವೈರನ್ನೇ ಕತ್ತರಿಸಿದರು. ಅದೇ ವೈರಿನಲ್ಲಿ ನಮ್ಮಿಂದ ಮುಂದಿದ್ದ ಆರು ಮನೆಗಳ ಟಿವಿಯೂ ನಿಂತಿತು. ತೊಟ್ಟು ಬಿಡಿಸುವವರೇ ಇದ್ದ ಆ ಮನೆಗಳಿಂದ ಯಾಕೆಂದು ಕೇಳಲು ಒಬ್ಬರೂ ಬರಲಿಲ್ಲ.