ಎದುರು ಬಾರದವನು

"ನಮ್ಮ ಮಾತು ಕದಿಯೋಕೆ ಬಂದೋನು ನೀನು. ಅದು ಮುಗೀತು, ಈಗ ಹೆಣ್ಣು ಕದಿಯೋಕೆ ಹೊರಟಿದ್ದೀಯ."

ಊರಿನ ಗಂಡಸರೆಲ್ಲ ನಕಮಾಲ್ ಎಂಬ ತಮ್ಮ ಕೂಟದ ಮನೆಯಲ್ಲಿ ಕಾವಾ ಬೇರಿನ ಮತ್ತಿನ ರಸ ಕುಡಿಯುತ್ತ ಕೂತಿದ್ದರು. ಮಸಿಂಗ್ ಅವರ ನಡುವೆ ನಿಂತುಕೊಂಡೇ ಅಂದ. ಇಸಗಾನಿ ಕೈಯಲ್ಲಿದ್ದ ಕರಟವನ್ನು ಕೆಳಗಿಟ್ಟ. ತಲೆ ಎತ್ತಲಿಲ್ಲ. ಸ್ವಲ್ಪ ಜರುಗಿ, ಬೆನ್ನು ತಿರುಗಿಸಿ ಕೂತ.

"ನೋಡಿದ್ರಾ? ಮುಖ ತೋರ್ಸೋಕೂ ದಮ್ಮಿಲ್ಲ."

ಯಾರೂ ನಗಲಿಲ್ಲ. ಅದು ಮಸಿಂಗ್‌ನನ್ನು ಇನ್ನಷ್ಟು ಕೆರಳಿಸಿತು.

ಇಸಗಾನಿ ಫಿಲಿಪೈನ್ಸ್‌ನವನು. ಸಾಯುತ್ತಿರುವ ಸಣ್ಣ ಭಾಷೆಗಳನ್ನು ದಾಖಲಿಸುವುದು ಅವನ ಕೆಲಸ. ದ್ವೀಪದಿಂದ ದ್ವೀಪಕ್ಕೆ ಹೋಗಿ ಮುದುಕರ ಮುಂದೆ ರೆಕಾರ್ಡರ್ ಇಟ್ಟು ಕೂರುವುದರಲ್ಲೇ ಯೌವನ ಕಳೆದಿತ್ತು. ಮಾಲೆಕುಲಾ ದ್ವೀಪದ ಈ ಊರಲ್ಲಿ ಹಳೆಯ ಭಾಷೆ ಪೂರ್ತಿ ಬರುತ್ತಿದ್ದದ್ದು ಮುದುಕ ಮೆಲ್ತೆಕ್ ಒಬ್ಬನಿಗೆ. ಉಳಿದವರದ್ದೆಲ್ಲ ಬಿಸ್ಲಾಮಾ ಎಂಬ ಬೆರಕೆ ಇಂಗ್ಲಿಷು. ಮೆಲ್ತೆಕ್ ಅವನನ್ನು ಮಗ ಎಂದು ಕರೆದು ಮನೆಯಲ್ಲಿಟ್ಟುಕೊಂಡ.

ಮಗನಂತೆ! ಆ ಮನೆಯಲ್ಲಿ ಲೆಕೋನ್ ಇದ್ದಳು. ಮೆಲ್ತೆಕ್‌ನ ಮಗಳು. ಮಸಿಂಗ್‌ಗೆ ಬೇಕಾಗಿದ್ದವಳು.

ಮಸಿಂಗ್ ಕೊಬ್ಬರಿ ದೋಣಿಯ ಕೆಲಸದವನು. ಊರಿಗೆ ಬರುವುದೇ ಅಪರೂಪ. ಬಂದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ನೋಟ: ದೀವಿಹಲಸಿನ ಮರದಡಿ ಅಪ್ಪ, ಮಗಳು, ಈ ಇಸಗಾನಿ. "ಕಣ್ಣಿಗೆ ನಮ್ಮೂರಲ್ಲೂ ಮತಾ ಅಂತಾನೇ ಅನ್ನೋದು" ಎಂದು ಇವನು ಹೇಳಿದರೆ ಅವಳಿಗೆ ನಗುವೋ ನಗು. ಕಣ್ಣಿನಲ್ಲಿ ಅಷ್ಟೊಂದು ನಗುವಂಥದ್ದು ಏನಿದೆ?

ಮೊದಲೆಲ್ಲ ಇಸಗಾನಿ ಸುಮ್ಮನಿರುವ ಆಸಾಮಿಯಾಗಿರಲಿಲ್ಲ. ಮಸಿಂಗ್ ಒಂದು ಅಂದರೆ ಎರಡು ಅನ್ನುತ್ತಿದ್ದ. "ಬಿಸ್ಲಾಮಾದಲ್ಲಿ ಯಾಕೆ, ನಿಮ್ಮಜ್ಜನ ಭಾಷೇಲಿ ಬೈ. ರೆಕಾರ್ಡ್ ಆದ್ರೂ ಮಾಡ್ಕೊಳ್ತೀನಿ" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಈ ಸಲ ಬಂದಾಗ ಎಲ್ಲ ಬದಲಾಗಿತ್ತು. ಮಸಿಂಗ್ ಎದುರಾದರೆ ಇಸಗಾನಿ ದಾರಿ ಬಿಟ್ಟು ಪೊದೆಗೆ ಇಳಿಯುತ್ತಿದ್ದ. ಅವನ ಹೆಸರನ್ನೂ ಬಾಯಿಗೆ ತರದೆ 'ದೋಣಿಯವರು' ಅನ್ನುತ್ತಿದ್ದನಂತೆ. ಕಳ್ಳನಿಗಲ್ಲದೆ ಇನ್ಯಾರಿಗೆ ಇಷ್ಟು ಅಂಜಿಕೆ?

"ಅವನ ಸುದ್ದಿ ಬಿಡು, ತಮ್ಮಾ" ಎಂದಿದ್ದಳು ಅಕ್ಕ ಎಲ್ಮಾ ಬೆಳಿಗ್ಗೆ, ಗೆಡ್ಡೆ ತುರಿಯುತ್ತ. "ಅಪ್ಪ ನಿನ್ಹತ್ರ ಏನೋ ಮಾತಾಡ್ಬೇಕಂತೆ. ಸಂಜೆ ಬೇಗ ಬಾ."

"ಮೊದ್ಲು ಅವನ ಹತ್ರ ಮಾತಾಡ್ತೀನಿ. ಆಮೇಲೆ ಅಪ್ಪ."

ದಾರಿಯಲ್ಲಿ ಲೆಕೋನ್‌ಳನ್ನು ತಡೆದು ಕೇಳಿದ್ದ. "ಅವನಿಗೆ ಇಲ್ಲೇ ಮನೆ ಕಟ್ತಾರಂತೆ. ಯಾರ ಜೊತೆ ಇರೋಕೆ?"

"ಹೆಣ್ಣು ಕೇಳಿ ತೆರದ ಹಂದಿ ಕೊಟ್ಟೂ ಆಯ್ತು. ಈಗ ಕೇಳ್ತಿದ್ದೀಯ?" ಎಂದು ಅವಳು ಅವನನ್ನೇ ದಿಟ್ಟಿಸಿದಳು. "ನೀನಂತೂ ಯಾರನ್ನೂ ಕೇಳಿಲ್ಲ." ನೀರಿನ ಕೊಡ ಎತ್ತಿಕೊಂಡು ಹೊರಟುಹೋದಳು.

ಆ ಮಾತು ಎದೆಯಲ್ಲಿಟ್ಟುಕೊಂಡೇ ಅವನು ನಕಮಾಲ್‌ಗೆ ಬಂದಿದ್ದ. ಈಗ ಸುತ್ತಿಕೊಂಡು ಹೋಗಿ ಇಸಗಾನಿಯ ಮುಂದೆಯೇ ನಿಂತ.

"ಹಂದಿ ಕೊಟ್ಟಿದ್ದೀಯಂತೆ. ಯಾವ ಬಾಯಲ್ಲಿ ಕೇಳ್ದೆ ಹೆಣ್ಣನ್ನ? ಆ ಬಾಯಿ ಈಗ ಬಿಡು ನೋಡೋಣ."

ಇಸಗಾನಿಯ ಕಿವಿ ಕೆಂಪಾಯಿತು. ಮತ್ತೆ ಬೆನ್ನು ತಿರುಗಿಸಿ ಕೂತ.

ಗಂಡಸರ ನಡುವೆ ಕೂತಿದ್ದ ಮೆಲ್ತೆಕ್ ಪಕ್ಕಕ್ಕೆ ಉಗುಳಿದ. "ಅವನ ಪರವಾಗಿ ಕೇಳಿದ್ದು ನಾನು. ಹಳೇ ಪದ್ಧತಿ ಪ್ರಕಾರ ನಡೀತೀನಿ ಅಂತ ಒಪ್ಕೊಂಡ ಮೇಲೇ ಕೇಳಿದ್ದು. ನೀವೆಲ್ಲ ಬಿಟ್ಟು ಮರೆತಿದ್ದು ಅದು. ಹೆಣ್ಣು ಕೊಟ್ಟ ಮನೆಯೋರ ಹೆಸರು ಹೇಳ್ಬಾರ್ದು. ಎದುರು ಬರ್ಬಾರ್ದು. ಅವ್ರು ಏನಂದ್ರೂ ತಿರುಗಿ ಮಾತಾಡ್ಬಾರ್ದು."

"ಹಾಗಾದ್ರೆ ನಿಮ್ಮನೆಯೋರ ಹೆಸರು ಬಿಡ್ಲಿ. ನನ್ನ ಹೆಸರು ಯಾಕೆ..."

ಬೆಳಿಗ್ಗೆ ಅಕ್ಕ ಅಂದದ್ದು ಮಸಿಂಗ್‌ಗೆ ಆಗ ನೆನಪಾಯಿತು.

"ಹಂದಿ ಇರೋದು ನಿಮ್ಮಪ್ಪನ ತೋಟದಲ್ಲಿ, ಹುಡುಗಾ" ಎಂದ ಮುದುಕ. "ನನ್ನ ಮಗಳನ್ನ ಕೇಳೋನೂ ಇವನ ಹಾಗೇ ಇರ್ತಾನೇನೋ ಅಂದ್ಕೊಂಡಿದ್ದೆ. ನೀನು ನನ್ನ ನೆತ್ತಿ ಮೇಲೆ ನಿಂತು ಕೂಗ್ತಿದ್ದೀಯ."

ಇಸಗಾನಿ ಎದ್ದ, ಬೆನ್ನು ಬಗ್ಗಿಸಿ, ಹೆಂಡತಿಯಾಗಲಿರುವವಳ ತಮ್ಮನ ನೆರಳನ್ನೂ ತುಳಿಯದಂತೆ ಬಳಸಿಕೊಂಡು, ಎಲ್ಮಾಳಿಗೂ ತನಗೂ ಕಟ್ಟಲಿರುವ ಮನೆಯ ಜಾಗದ ಕಡೆ ನಡೆದುಹೋದ.