ಚಿಕ್ಕದಕ್ಕೆ ಎರಡು ಸಾಲು

ಡಾಕ್ಟರ್ ಸುಗುಣಾ ಮೂರನೇ ಸಲ ಮೆಡಿಕಲ್ ಕಾಲೇಜಿನ ಸಂಶೋಧನಾ ಸಮಿತಿಯ ಮುಂದೆ ಕೂತಿದ್ದಳು. ಹೆಣ್ಣಿನ ಕ್ಲಿಟೊರಿಸ್ಸಿನ, ಅಂದರೆ ಭಗಾಂಕುರದ, ನರಗಳು ಎಲ್ಲೆಲ್ಲಿ ಹಾದುಹೋಗುತ್ತವೆ ಎಂಬುದರ ನಕ್ಷೆ ಬರೆಯಬೇಕೆಂದು ಅವಳ ಪಟ್ಟು. ಅದು ತಿಳಿಯದ ಸರ್ಜನ್ನರು ಆಪರೇಷನ್ನಿನಲ್ಲಿ ನರ ಕತ್ತರಿಸಿ, ಅಲ್ಲಿ ಸ್ಪರ್ಶವೇ ಗೊತ್ತಾಗದಂತಾದ ಹನ್ನೊಂದು ಹೆಂಗಸರನ್ನು ಅವಳು ಕಂಡಿದ್ದಳು. ಇವತ್ತೂ ಅನುಮತಿ ಸಿಗದಿದ್ದರೆ ಪಿಎಚ್‌ಡಿ ನೋಂದಣಿಯೇ ರದ್ದು.

ಎದುರಿಗಿದ್ದ ಐವರೂ ಗಂಡಸರು. ಸತ್ತ ಇಲಿಯ ಬಾಲ ಹಿಡಿದಂತೆ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದು ಒಬ್ಬರಿಂದೊಬ್ಬರಿಗೆ ದಾಟಿಸಿದರು.

"ಆ ಭಾಗದಲ್ಲಿ ಹೊಸದಾಗಿ ತಿಳಿಯೋಕೆ ಏನಿದೆಯಮ್ಮಾ?" ಎಂದರು ಅಧ್ಯಕ್ಷರು.

"ನಮ್ಮ ಪಠ್ಯಪುಸ್ತಕದಲ್ಲಿ ಗಂಡಸಿನದಕ್ಕೆ ಹದಿನೆಂಟು ಪುಟ ಇದೆ ಸರ್. ಇದಕ್ಕೆ ಎರಡು ಸಾಲು. ಅದರಲ್ಲೂ ಒಂದು ಸಾಲು, 'ಗಂಡಸಿನದರಂತೆಯೇ, ಆದರೆ ಚಿಕ್ಕದು' ಅಂತ."

"ಚಿಕ್ಕದಕ್ಕೆ ಎರಡು ಸಾಲು ಸಾಕಲ್ವಾ?" ಎಂದರು ಹಿರಿಯ ಸದಸ್ಯರೊಬ್ಬರು.

"ಗಾತ್ರ ನೋಡಿ ಪುಟ ಕೊಡೋದಾದ್ರೆ ಸರ್, ಎಷ್ಟೋ ಗಂಡಸರಿಗೆ ಹದಿನೆಂಟು ಜಾಸ್ತಿಯಾಯ್ತು."

ಯಾರೂ ನಗಲಿಲ್ಲ. ಆಮೇಲೆ ಅಧ್ಯಕ್ಷರು ಪೆನ್ನು ತೆಗೆದರು.

"ಆಯ್ತಮ್ಮಾ, ಅನುಮತಿ ಕೊಡೋಣ. ಆದರೆ ಒಂದು ತೊಡಕು. ಹೆಂಗಸರ ಮೈ ತಿಂಗಳು ತಿಂಗಳು ಏರುಪೇರಾಗುತ್ತೆ, ಫಲಿತಾಂಶ ಕೆಡುತ್ತೆ. ಅದಕ್ಕೇ ನಮ್ಮಲ್ಲಿ ಯಾವ ಸಂಶೋಧನೆಗೂ ಅವರನ್ನ ತಗೊಂಡಿದ್ದಿಲ್ಲ."

"ಹಾಗಾದ್ರೆ ಏನು ಮಾಡ್ಲಿ ಸರ್?" ಸುಗುಣಾ ಕೇಳಿದಳು.

ಅವರು ಅರ್ಜಿಯಲ್ಲಿದ್ದ 'ನಲವತ್ತು ಮಹಿಳೆಯರು' ಎಂಬುದನ್ನು ಹೊಡೆದುಹಾಕಿ, 'ನಲವತ್ತು ಪುರುಷರು' ಎಂದು ತಿದ್ದಿ, ಸಹಿ ಮಾಡಿದರು.